ಸುರಕ್ಷತಾ ಅಧಿಕಾರಿಯ ನೇಮಕಾತಿ: ಕಾರ್ಖಾನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬಿಡದಿ, ನರಸಾಪುರ, ನಂಜನಗೂಡು, ತೋರಣಗಲ್ಲು, ಬೈಕಂಪಾಡಿ ಮುಂತಾದ ಕೈಗಾರಿಕಾ ಪ್ರದೇಶಗಳ ಕಾರ್ಖಾನೆ ಮಾಲೀಕರಿಗೂ ಮಾನವ ಸಂಪನ್ಮೂಲ ವಿಭಾಗದವರಿಗೂ ಸುರಕ್ಷತಾ ಅಧಿಕಾರಿಯನ್ನು ನೇಮಿಸಿಕೊಳ್ಳುವಾಗ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಹುದ್ದೆ ಹುಡುಕುತ್ತಿರುವವರಿಗೆ ಸಂಬಂಧಿಸಿದ ಒಂದು ಪ್ರಶ್ನೆಯೂ ಕೊನೆಯ ಭಾಗದಲ್ಲಿದೆ.

ಪ್ರಶ್ನೆ: ಸುರಕ್ಷತಾ ಕ್ಷೇತ್ರಕ್ಕೆಂದೇ ಇರುವ ನೇಮಕಾತಿ ಸಂಸ್ಥೆಗೂ ಸಾಮಾನ್ಯ ಕನ್ಸಲ್ಟೆನ್ಸಿಗೂ ಏನು ವ್ಯತ್ಯಾಸ?

ಸಾಮಾನ್ಯ ಕನ್ಸಲ್ಟೆನ್ಸಿಯವರು ಲೆಕ್ಕಿಗರಿಂದ ಹಿಡಿದು ಫೋರ್ಕ್‌ಲಿಫ್ಟ್ ಚಾಲಕರವರೆಗೆ ಎಲ್ಲರನ್ನೂ ಹುಡುಕಿಕೊಡುತ್ತಾರೆ. ಅವರ ಹುಡುಕಾಟ ಬಹುಪಾಲು ಉದ್ಯೋಗ ಜಾಲತಾಣದಲ್ಲಿ 'ಸೇಫ್ಟಿ' ಎಂಬ ಪದವನ್ನು ಟೈಪ್ ಮಾಡುವುದರಿಂದ ಆರಂಭವಾಗುತ್ತದೆ. ಆ ಪದಕ್ಕೆ ಸಿಕ್ಕಿಬೀಳುವವರಲ್ಲಿ ಕಟ್ಟಡ ಕಾಮಗಾರಿಯ ಮೇಲ್ವಿಚಾರಕರು, ಅಗ್ನಿಶಾಮಕ ಉಪಕರಣಗಳ ತಂತ್ರಜ್ಞರು, ಕಾವಲು ಸಿಬ್ಬಂದಿಯ ಮುಖ್ಯಸ್ಥರು ಎಲ್ಲರೂ ಇರುತ್ತಾರೆ. ನಾನು ಆಯ್ಕೆ ಸಮಿತಿಯಲ್ಲಿದ್ದ, ಲೋಹದ ಎರಕ ಹೊಯ್ಯುವ ಒಂದು ಫೌಂಡ್ರಿಯ ಹುದ್ದೆಗೆ ಆಹಾರ ಸುರಕ್ಷತೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರೊಬ್ಬರ ಅರ್ಜಿಯನ್ನೂ ಕಳಿಸಿದ್ದರು. ಅದರಲ್ಲಿ ಅಭ್ಯರ್ಥಿಯ ತಪ್ಪೇನೂ ಇರಲಿಲ್ಲ. ಪವರ್ ಪ್ರೆಸ್ಸಿನ ಮುಂದೆ ನಿಂತು ಕೆಲಸ ಕಲಿತವರು ಯಾರು, ಔಷಧ ತಯಾರಿಕಾ ಘಟಕದ ರಿಯಾಕ್ಟರುಗಳ ನಡುವೆ ಬೆಳೆದವರು ಯಾರು ಎಂಬ ವಿವೇಚನೆ ವಿಶೇಷ ಸಂಸ್ಥೆಗೆ ಇರಬೇಕು, ಅದರ ಬೆಲೆ ಇರುವುದೇ ಅಲ್ಲಿ. ಈಗಿನ ಕೆಲಸದಲ್ಲಿ ನೆಮ್ಮದಿಯಾಗಿದ್ದು ಜಾಹೀರಾತುಗಳನ್ನು ನೋಡದೇ ಇರುವ ಅನುಭವಿಗಳ ಪರಿಚಯವೂ ಅಂಥ ಸಂಸ್ಥೆಗಳಿಗೆ ಇರುತ್ತದೆ. ಇಷ್ಟಾದರೂ, ಬಂದವರು ನಿಮ್ಮ ಕಾರ್ಖಾನೆಗೆ ಸಮರ್ಥರೇ ಎಂದು ತೀರ್ಮಾನಿಸುವ ಹೊಣೆ ನಿಮ್ಮದೇ. ಕಂಪನಿಗಳ ವಿಷಯದಲ್ಲಿ ಕಾರ್ಖಾನೆಗಳ ಕಾಯ್ದೆಯು ನಿರ್ದೇಶಕರಲ್ಲೊಬ್ಬರನ್ನೇ ಆಕ್ಯುಪೈಯರ್, ಅಂದರೆ ಕಾರ್ಖಾನೆಯ ಅಂತಿಮ ಹೊಣೆಗಾರ, ಎಂದು ಪರಿಗಣಿಸುತ್ತ ಬಂದಿದ್ದು, ಅಪಘಾತವಾದ ದಿನ ಸರ್ಕಾರದ ಕಾರ್ಖಾನೆಗಳ ಇಲಾಖೆ ಪ್ರಶ್ನಿಸುವುದು ಅವರನ್ನೇ ಹೊರತು ನೇಮಕಾತಿ ಸಂಸ್ಥೆಯನ್ನಲ್ಲ.

ಪ್ರಶ್ನೆ: ನಮ್ಮ ಕಾರ್ಖಾನೆಗೆ ಕಾನೂನಿನ ಪ್ರಕಾರ ಸುರಕ್ಷತಾ ಅಧಿಕಾರಿ ಬೇಕೇ ಬೇಕೇ?

ಬಹುಕಾಲ ಇದಕ್ಕೆ ಉತ್ತರ ಕಾರ್ಖಾನೆಗಳ ಕಾಯ್ದೆ, 1948ರ 40ಬಿ ಕಲಮಿನಲ್ಲಿತ್ತು. 1976ರ ತಿದ್ದುಪಡಿಯಲ್ಲಿ ಸೇರಿದ ಈ ಕಲಮು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಿಗೂ, ಕಾರ್ಮಿಕರ ಸಂಖ್ಯೆ ಎಷ್ಟೇ ಇದ್ದರೂ ದೇಹಕ್ಕೆ ಗಾಯ, ವಿಷಬಾಧೆ ಅಥವಾ ರೋಗದ ಅಪಾಯವಿದೆಯೆಂದು ರಾಜ್ಯ ಸರ್ಕಾರ ಭಾವಿಸಿದ ಕಾರ್ಖಾನೆಗಳಿಗೂ ಅನ್ವಯಿಸುವಂಥದ್ದು. 1984ರ ಡಿಸೆಂಬರಿನ ಭೋಪಾಲ ದುರಂತದ ನಂತರ 1987ರಲ್ಲಿ ಅಪಾಯಕಾರಿ ಪ್ರಕ್ರಿಯೆಗಳಿಗೆಂದೇ ಪ್ರತ್ಯೇಕ ಅಧ್ಯಾಯ ಸೇರಿತು. ಕಾರ್ಮಿಕರೂ ಆಡಳಿತವೂ ಸಮಸಂಖ್ಯೆಯಲ್ಲಿ ಕೂರುವ ಸುರಕ್ಷತಾ ಸಮಿತಿ ಬಂದದ್ದು ಆಗಲೇ.

2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಜಾರಿಗೆ ಬಂದಿದೆ. ಅದರ 22ನೆಯ ಕಲಮಿನ ಪ್ರಕಾರ 500 ಕಾರ್ಮಿಕರಿರುವ ಕಾರ್ಖಾನೆ, 250 ಕಾರ್ಮಿಕರಿರುವ ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆ, 250 ಕಾರ್ಮಿಕರಿರುವ ಕಟ್ಟಡ ಕಾಮಗಾರಿ ಮತ್ತು 100 ಕಾರ್ಮಿಕರಿರುವ ಗಣಿ ಸುರಕ್ಷತಾ ಅಧಿಕಾರಿಯನ್ನು ನೇಮಿಸಲೇಬೇಕು. ಸಾವಿರದ ಮಿತಿ ಐನೂರಕ್ಕೆ ಇಳಿದುದರಿಂದ, ಇದುವರೆಗೆ ಈ ಹುದ್ದೆಯ ಗೋಜಿಗೇ ಹೋಗದಿದ್ದ ಮಧ್ಯಮ ಗಾತ್ರದ ಘಟಕಗಳು ಈಗ ಅಭ್ಯರ್ಥಿಗಳನ್ನು ಅರಸಬೇಕಾಗಿದೆ. ಅರ್ಹತೆ ಮತ್ತು ಹುದ್ದೆಗಳ ಸಂಖ್ಯೆ ನಿಯಮಗಳಿಂದ ನಿರ್ಧಾರವಾಗುವ ವಿಷಯಗಳು. ಆದ್ದರಿಂದ ಹುದ್ದೆಯನ್ನು ಪ್ರಕಟಿಸುವ ಮೊದಲು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯಲ್ಲಿ ಆ ದಿನಕ್ಕೆ ಚಾಲ್ತಿಯಲ್ಲಿರುವ ನಿಯಮವನ್ನು ಕೇಳಿ ತಿಳಿದುಕೊಳ್ಳಿ. ಏಜೆನ್ಸಿಯವರ ಬಾಯಿಮಾತನ್ನು ಕಾನೂನೆಂದು ನಂಬಬೇಡಿ.

ಪ್ರಶ್ನೆ: ಅಭ್ಯರ್ಥಿಗೆ ಯಾವ ವಿದ್ಯಾರ್ಹತೆ ಇರಬೇಕು?

ಕಾರ್ಖಾನೆಗಳ ಕಾಯ್ದೆಯ ಮಾದರಿ ನಿಯಮಗಳು (ರಾಜ್ಯಗಳು ತಮ್ಮ ನಿಯಮಗಳಿಗೆ ಆಧಾರವಾಗಿಟ್ಟುಕೊಳ್ಳುವ ಕರಡು) ಹಾಕಿಕೊಟ್ಟ ಚೌಕಟ್ಟು ಹೀಗಿದೆ: ಎಂಜಿನಿಯರಿಂಗ್ ಪದವೀಧರರಾದರೆ ಕಾರ್ಖಾನೆಯಲ್ಲಿ ಮೇಲ್ವಿಚಾರಣೆಯ ಕನಿಷ್ಠ 2 ವರ್ಷಗಳ ಅನುಭವ, ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಪದವೀಧರರು ಮತ್ತು ಎಂಜಿನಿಯರಿಂಗ್ ಡಿಪ್ಲೊಮಾದವರಾದರೆ 5 ವರ್ಷಗಳ ಅನುಭವ. ಇದರ ಜೊತೆಗೆ ರಾಜ್ಯ ಸರ್ಕಾರ ಮಾನ್ಯ ಮಾಡಿದ ಕೈಗಾರಿಕಾ ಸುರಕ್ಷತೆಯ ಪದವಿ ಅಥವಾ ಡಿಪ್ಲೊಮಾ ಇರಬೇಕು. ಕಟ್ಟಡ ಕಾಮಗಾರಿಯ 1998ರ ಕೇಂದ್ರ ನಿಯಮಗಳಲ್ಲಿ ಇದೇ ಚೌಕಟ್ಟು ಸ್ವಲ್ಪ ಬದಲಾಗಿ, ಡಿಪ್ಲೊಮಾದಲ್ಲಿ ನಿರ್ಮಾಣ ಸುರಕ್ಷತೆಯ ಒಂದು ಪತ್ರಿಕೆಯಾದರೂ ಇರಬೇಕೆಂಬ ಷರತ್ತಿನೊಂದಿಗೆ ಬರುತ್ತದೆ.

ಈ ಕ್ಷೇತ್ರದವರು 'ಎಡಿಐಎಸ್' ಎಂದು ಕರೆಯುವ ಉನ್ನತ ಡಿಪ್ಲೊಮಾವನ್ನು ಮುಂಬೈನ ಕೇಂದ್ರೀಯ ಶ್ರಮ ಸಂಸ್ಥೆಯೂ ಚೆನ್ನೈ, ಕಾನ್ಪುರ, ಕೋಲ್ಕತ್ತ ಮುಂತಾದೆಡೆಗಳಲ್ಲಿರುವ ಪ್ರಾದೇಶಿಕ ಶ್ರಮ ಸಂಸ್ಥೆಗಳೂ ನಡೆಸುತ್ತವೆ. ಒಂದು ವರ್ಷದ ಈ ವ್ಯಾಸಂಗವನ್ನು ಅಲ್ಲಿ ಮುಗಿಸಿ ಬಂದವರಿಗೆ ಮಾರುಕಟ್ಟೆಯಲ್ಲಿ ಬೇಡಿಕೆ ಹೆಚ್ಚು. ಇದೇ ಹೆಸರಿನ, ಅಥವಾ ಇದೇ ಹೆಸರಿನಂತೆ ಕೇಳಿಸುವ ಪ್ರಮಾಣಪತ್ರಗಳನ್ನು ಮೂರು ತಿಂಗಳಲ್ಲಿ, ಕೆಲವೊಮ್ಮೆ ಮೂರು ವಾರಾಂತ್ಯಗಳಲ್ಲಿ ಕೊಡುವವರೂ ಇದ್ದಾರೆ. ಕೋರ್ಸಿನ ಹೆಸರಿಗಿಂತ ಅದನ್ನು ಕೊಟ್ಟವರು ಯಾರು, ಅದಕ್ಕೆ ರಾಜ್ಯದ ಮಾನ್ಯತೆ ಇದೆಯೇ ಎಂಬುದು ಮುಖ್ಯ. ಈ ಪರಿಶೀಲನೆಯನ್ನು ನೇಮಕಾತಿ ಸಂಸ್ಥೆ ಅರ್ಜಿಗಳನ್ನು ನಿಮಗೆ ಕಳಿಸುವ ಮುಂಚೆಯೇ ಮುಗಿಸಿರಬೇಕೆಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಅಭ್ಯರ್ಥಿಯ ಬಳಿ ನೆಬಾಷ್ ಪ್ರಮಾಣಪತ್ರವಿದೆ. ಅಷ್ಟು ಸಾಲದೇ?

ಕಾನೂನಿನ ಹುದ್ದೆಗೆ ಸಾಲದು. ನೆಬಾಷ್ 1979ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಪರೀಕ್ಷಾ ಮಂಡಳಿ. ಅದರ ಅಂತರರಾಷ್ಟ್ರೀಯ ಜನರಲ್ ಸರ್ಟಿಫಿಕೇಟ್ ಗಟ್ಟಿಯಾದ ವ್ಯಾಸಂಗವೇ, ಕೊಲ್ಲಿ ದೇಶಗಳಲ್ಲಿ ಅದಕ್ಕೆ ಒಳ್ಳೆಯ ಬೆಲೆಯೂ ಇದೆ. ಆದರೆ ಅದು ನಮ್ಮ ನಿಯಮಗಳು ಕೇಳುವ ಕೈಗಾರಿಕಾ ಸುರಕ್ಷತಾ ಡಿಪ್ಲೊಮಾದ ಜಾಗದಲ್ಲಿ ನಿಲ್ಲುವುದಿಲ್ಲ. ಬ್ರಿಟನ್ನಿನದೇ ಆದ ಐಯೋಶ್ ಸಂಸ್ಥೆಯ ಕೆಲವೇ ದಿನಗಳ 'ಮ್ಯಾನೇಜಿಂಗ್ ಸೇಫ್ಲಿ' ತರಬೇತಿಯಂತೂ ವ್ಯವಸ್ಥಾಪಕರು ಮತ್ತು ಮೇಲ್ವಿಚಾರಕರಿಗಾಗಿ ರೂಪಿಸಿದ್ದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ಓಷಾ ಹೆಸರಿನ 30 ಗಂಟೆಗಳ ಕಾರ್ಡು ಕೂಡ ಅರಿವು ಮೂಡಿಸುವ ತರಬೇತಿಯಷ್ಟೇ. ಇವೆಲ್ಲ ಬಡಿಸಿದ ಊಟದ ಮೇಲಿನ ತುಪ್ಪದಂತೆ, ಅನ್ನವೇ ಇಲ್ಲದೆ ತುಪ್ಪ ಮಾತ್ರ ಬಡಿಸುವ ಅರ್ಜಿಗಳು ಸಾಕಷ್ಟು ಬರುತ್ತವೆ. ಕಾಯ್ದೆಯ ಮಿತಿಯೊಳಗೆ ಬಾರದ ಹುದ್ದೆಗಳಿಗೆ, ಉದಾಹರಣೆಗೆ ಸಾಫ್ಟ್‌ವೇರ್ ಕ್ಯಾಂಪಸ್ಸಿನ ಅಥವಾ ಗೋದಾಮಿನ ಸುರಕ್ಷತಾ ವ್ಯವಸ್ಥಾಪಕರ ಹುದ್ದೆಗೆ, ನೆಬಾಷ್ ಪಡೆದವರನ್ನು ಧಾರಾಳವಾಗಿ ಪರಿಗಣಿಸಬಹುದು.

ಪ್ರಶ್ನೆ: ಕನ್ನಡ ಬಾರದವರನ್ನು ನೇಮಿಸಿಕೊಳ್ಳಬಹುದೇ?

ಇದನ್ನು ಭಾಷಾಭಿಮಾನದ ಪ್ರಶ್ನೆಯೆಂದು ಅನೇಕರು ತಿಳಿಯುತ್ತಾರೆ, ವಾಸ್ತವವಾಗಿ ಇದು ಅರ್ಹತೆಯ ಪ್ರಶ್ನೆ. ಪದವಿ, ಅನುಭವ, ಡಿಪ್ಲೊಮಾಗಳ ಪಕ್ಕದಲ್ಲೇ ಮಾದರಿ ನಿಯಮಗಳು ಇನ್ನೊಂದು ಷರತ್ತನ್ನು ಇಟ್ಟಿವೆ: ಕಾರ್ಖಾನೆಯಿರುವ ಪ್ರದೇಶದ ಬಹುಸಂಖ್ಯಾತ ಕಾರ್ಮಿಕರು ಆಡುವ ಭಾಷೆ ಅಧಿಕಾರಿಗೆ ಸಾಕಷ್ಟು ತಿಳಿದಿರಬೇಕು. ಕಟ್ಟಡ ಕಾಮಗಾರಿಯ ನಿಯಮಗಳಲ್ಲೂ ಇದೇ ಮಾತಿದೆ, ಅಲ್ಲಿ ನೋಡುವುದು ಆ ಸೈಟಿನ ಕಾರ್ಮಿಕರ ಭಾಷೆಯನ್ನು.

ಷರತ್ತಿನ ಹಿಂದಿನ ಕಾರಣ ಸರಳವಾದದ್ದು. ಬೆಳಗಿನ ಪಾಳಿಯ ಆರಂಭದಲ್ಲಿ ನಡೆಯುವ ಹತ್ತು ನಿಮಿಷದ ಸುರಕ್ಷತಾ ಮಾತುಕತೆಯಾದ ಟೂಲ್‌ಬಾಕ್ಸ್ ಟಾಕ್‌ನಲ್ಲಿ ಅಧಿಕಾರಿ ಇಂಗ್ಲಿಷಿನಲ್ಲಿ ಓದಿ, ಸೂಪರ್‌ವೈಸರ್ ಅದನ್ನು ಒಂದೇ ಸಾಲಿಗೆ ಇಳಿಸಿ, "ಹುಷಾರಾಗಿ ಕೆಲಸ ಮಾಡ್ರಪ್ಪಾ" ಎಂದು ಮುಗಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಅಪಘಾತ ಸ್ವಲ್ಪದರಲ್ಲಿ ತಪ್ಪಿದಾಗ ಆಪರೇಟರ್ ಬಂದು ನಿಜ ಹೇಳಬೇಕಾದರೆ ತನ್ನ ಮಾತಿನಲ್ಲೇ ಹೇಳುವಂತಿರಬೇಕು. ಇನ್ನೊಂದು ಮುಖವೂ ಇದಕ್ಕಿದೆ. ಬೆಂಗಳೂರು ಸುತ್ತಲಿನ ಎಷ್ಟೋ ಕಾಮಗಾರಿಗಳಲ್ಲಿ ಒಡಿಶಾ, ಬಿಹಾರ, ಪಶ್ಚಿಮ ಬಂಗಾಳದಿಂದ ಬಂದವರೇ ಹೆಚ್ಚು. ಅಂಥ ಸೈಟಿಗೆ ಅಚ್ಚ ಕನ್ನಡ ಮಾತ್ರ ಬಲ್ಲವರೂ ಸಾಲದು, ಹಿಂದಿಯಲ್ಲಾದರೂ ಮಾತನಾಡಿಸಬಲ್ಲವರು ಬೇಕು. ನೇಮಕಾತಿ ಸಂಸ್ಥೆಗೆ ಹುದ್ದೆಯ ವಿವರ ಕೊಡುವಾಗ ನಿಮ್ಮ ಕಾರ್ಮಿಕರ ಭಾಷೆಗಳನ್ನು ಅಂದಾಜು ಪ್ರಮಾಣದ ಸಮೇತ ಬರೆಯಿರಿ.

ಪ್ರಶ್ನೆ: ಸುರಕ್ಷತೆ, ಆರೋಗ್ಯ, ಪರಿಸರ ಮೂರನ್ನೂ ಒಬ್ಬರೇ ನೋಡಿಕೊಳ್ಳಲಾರರೇ?

'ಇಎಚ್‌ಎಸ್ ಮ್ಯಾನೇಜರ್' ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ತುರುಕುವುದು ವಾಡಿಕೆಯಾಗಿದೆ. ಸಣ್ಣ ಘಟಕಗಳಲ್ಲಿ ಬೇರೆ ದಾರಿಯೂ ಇರುವುದಿಲ್ಲ. ಆದರೆ ಇವು ಬೇರೆ ಬೇರೆ ವಿದ್ಯೆಗಳು. ಫೌಂಡ್ರಿಯ ಗಾಳಿಯಲ್ಲಿರುವ ಸಿಲಿಕಾ ಧೂಳನ್ನು ಅಳೆದು ನಿಯಂತ್ರಣ ಸೂಚಿಸುವುದು ಕೈಗಾರಿಕಾ ನೈರ್ಮಲ್ಯ ತಜ್ಞರ ಕೆಲಸ. ಕಾರ್ಮಿಕರ ಶ್ವಾಸಕೋಶ ಮತ್ತು ಕಿವಿಗಳ ತಪಾಸಣೆ ಕಾರ್ಖಾನೆಯ ವೈದ್ಯರದು, ಅವರಿಗೆ ಎಂಬಿಬಿಎಸ್ ಜೊತೆಗೆ ಎಎಫ್ಐಎಚ್ ಎಂಬ, ಕೈಗಾರಿಕಾ ಆರೋಗ್ಯದ ಮೂರು ತಿಂಗಳ ತರಬೇತಿ ಇರುವುದು ಅಪೇಕ್ಷಣೀಯ. ರಿಯಾಕ್ಟರಿನಲ್ಲಿ ಉಷ್ಣತೆ ಹತೋಟಿ ತಪ್ಪಿದರೆ ಏನಾಗಬಹುದೆಂದು ಲೆಕ್ಕ ಹಾಕುವವರು ಪ್ರಕ್ರಿಯಾ ಸುರಕ್ಷತೆಯ ಎಂಜಿನಿಯರು. ಬೀದರ ಅಥವಾ ಯಾದಗಿರಿ ಜಿಲ್ಲೆಯ ರಾಸಾಯನಿಕ ಘಟಕವೊಂದು ಹೆಲ್ಮೆಟ್ಟು, ಏಣಿ, ಅಟ್ಟಣಿಗೆಗಳಲ್ಲಿ ಮಾತ್ರ ಪಳಗಿದವರನ್ನು ತಂದು ಕೂರಿಸಿದರೆ ಹುದ್ದೆ ಭರ್ತಿಯಾಗುತ್ತದೆಯೇ ಹೊರತು ಅಪಾಯ ಇದ್ದಲ್ಲೇ ಇರುತ್ತದೆ. ನಿಮ್ಮಲ್ಲಿ ಸಾವು ತರಬಲ್ಲ ಅಪಾಯಗಳು ಯಾವುವು ಎಂದು ಮೊದಲು ಪಟ್ಟಿಮಾಡಿ, ಅವುಗಳಲ್ಲಿ ಮೊದಲ ಎರಡನ್ನು ಬಲ್ಲವರನ್ನು ಕೇಳಿ. ಉಳಿದದ್ದಕ್ಕೆ ಹೊರಗಿನ ತಜ್ಞರನ್ನು ವರ್ಷಕ್ಕೆ ಕೆಲವು ದಿನ ಕರೆಸಿಕೊಳ್ಳಬಹುದು.

ಪ್ರಶ್ನೆ: ನೇಮಕಾತಿ ಸಂಸ್ಥೆಗೆ ಯಾವ ಯಾವ ಮಾಹಿತಿ ಕೊಡಬೇಕು?

ಬೇರೆ ಕಂಪನಿಯ ಜಾಹೀರಾತಿನಿಂದ ನಕಲು ಮಾಡಿದ ಹುದ್ದೆಯ ವಿವರಣೆಯನ್ನು ಕೊಡಬೇಡಿ. ಯಂತ್ರಗಳು, ರಾಸಾಯನಿಕಗಳು, ಪಾಳಿಗಳು, ಕಾಯಂ ಮತ್ತು ಗುತ್ತಿಗೆ ಕಾರ್ಮಿಕರ ಸಂಖ್ಯೆ, ಕಳೆದ ಮೂರು ವರ್ಷಗಳ ಅಪಘಾತಗಳು, ಇಲಾಖೆಯಿಂದ ಬಂದಿರುವ ನೋಟಿಸುಗಳು ಎಲ್ಲವನ್ನೂ ತಿಳಿಸಿ. ಕೊನೆಯ ಎರಡನ್ನು ಮುಚ್ಚಿಡಬೇಕೆಂದು ಮಾಲೀಕರಿಗೆ ಅನ್ನಿಸುವುದು ಸಹಜ. ಮುಚ್ಚಿಟ್ಟರೆ ಬಂದವರು ಹದಿನೈದು ದಿನಗಳಲ್ಲಿ ಅದನ್ನು ಕಂಡುಹಿಡಿಯುತ್ತಾರೆ, ಕಂಡುಹಿಡಿಯದಿದ್ದರೆ ಅವರು ಬೇಕಾದವರೇ ಅಲ್ಲ. ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಮಾಹಿತಿ ಕೊಡಬಹುದು.

ಸಂಸ್ಥೆಯ ಪ್ರತಿನಿಧಿಯನ್ನು ಕಾರ್ಖಾನೆಗೆ ಒಮ್ಮೆ ಕರೆಸಿ, ಒಂದು ಸುತ್ತು ನಡೆದಾಡಿಸಿ. ನೋಡಲು ಬರುವುದಕ್ಕೇ ಒಪ್ಪದವರ ವಿಶೇಷ ಪರಿಣತಿ ಎಷ್ಟರಮಟ್ಟಿಗಿನದು ಎಂದು ನೀವೇ ಊಹಿಸಿ.

ಪ್ರಶ್ನೆ: ಶುಲ್ಕ ಎಷ್ಟಾಗುತ್ತದೆ, ಯಾವಾಗ ಕೊಡಬೇಕು?

ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಲೆಕ್ಕವೆಂದರೆ ಆಯ್ಕೆಯಾದವರ ವಾರ್ಷಿಕ ಸಂಬಳದ ಶೇಕಡಾ 8.33, ಅಂದರೆ ಒಂದು ತಿಂಗಳ ಸಂಬಳ. ಹಿರಿಯ ಅಥವಾ ಅಪರೂಪದ ಹುದ್ದೆಗಳಿಗೆ ಇದು ದುಪ್ಪಟ್ಟೂ ಆಗುತ್ತದೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ ಮಾತ್ರ ಹಣ ಪಡೆಯುವುದು ಒಂದು ಪದ್ಧತಿ, ಹುಡುಕಾಟ ಆರಂಭಿಸುವಾಗಲೇ ಒಂದು ಭಾಗವನ್ನು ಮುಂಗಡವಾಗಿ ಪಡೆಯುವುದು ಇನ್ನೊಂದು. ಮೊದಲನೆಯದರಲ್ಲಿ ಹಣ ಉಳಿದಂತೆ ಕಂಡರೂ, ಒಂದೇ ಹುದ್ದೆಯನ್ನು ನಾಲ್ಕು ಏಜೆನ್ಸಿಗಳಿಗೆ ಕೊಟ್ಟಾಗ ಅವರೆಲ್ಲ ಆಳವಾಗಿ ಹುಡುಕುವ ಬದಲು ಯಾರ ಅರ್ಜಿ ಮೊದಲು ತಲುಪುತ್ತದೆ ಎಂಬ ಓಟಕ್ಕೆ ಇಳಿಯುತ್ತಾರೆ. ಸುರಕ್ಷತಾ ಮುಖ್ಯಸ್ಥರಂಥ ಹುದ್ದೆಗೆ ಒಬ್ಬರಿಗೇ ಒಪ್ಪಿಸಿ, ಮುಂಗಡ ಕೊಟ್ಟು, ಪರಿಶೀಲಿಸಿದ ನಾಲ್ಕೈದು ಜನರ ಪಟ್ಟಿಯನ್ನು ಕೇಳುವುದೇ ಮೇಲೆಂಬುದು ನನ್ನ ಅಭಿಪ್ರಾಯ.

ಸೇರಿದವರು 90 ದಿನಗಳೊಳಗೆ ಬಿಟ್ಟುಹೋದರೆ ಬದಲಿ ಅಭ್ಯರ್ಥಿಯನ್ನು ಉಚಿತವಾಗಿ ಕೊಡುವ ಷರತ್ತು ಸಾಮಾನ್ಯವಾಗಿದೆ. ಚರ್ಚಿಸಿದರೆ ಅದನ್ನು ಆರು ತಿಂಗಳಿಗೆ ಒಯ್ಯಬಹುದು. ತಾವೇ ಕೊಟ್ಟವರನ್ನು ಒಂದು ವರ್ಷದೊಳಗೆ ಬೇರೆಡೆಗೆ ಎಳೆದೊಯ್ಯಬಾರದೆಂಬ ಸಾಲನ್ನೂ ಸೇರಿಸಿ.

ಪ್ರಶ್ನೆ: ಸಂದರ್ಶನದಲ್ಲಿ ಸಾಮರ್ಥ್ಯವನ್ನು ಅಳೆಯುವುದು ಹೇಗೆ?

ಮೇಜಿನ ಮುಂದೆ ಕೂರಿಸಿ ಕಲಮುಗಳ ಸಂಖ್ಯೆ ಕೇಳುವುದರಿಂದ ಜ್ಞಾಪಕಶಕ್ತಿಯ ಪರೀಕ್ಷೆಯಾಗುತ್ತದೆ. ಅಭ್ಯರ್ಥಿಯನ್ನು ಅರ್ಧ ಗಂಟೆ ಶಾಪ್ ಫ್ಲೋರಿನಲ್ಲಿ ನಡೆಸಿ, ಕೊನೆಯಲ್ಲಿ "ಏನು ನೋಡಿದಿರಿ?" ಎಂದು ಮಾತ್ರ ಕೇಳಿ.

ಬೆಂಗಳೂರಿನ ಹೊರವಲಯದ ಒಂದು ಪ್ರೆಸ್ ಶಾಪಿನಲ್ಲಿ ನಾವು ಇದನ್ನೇ ಮಾಡಿದ್ದೆವು. ಮೊದಲ ಅಭ್ಯರ್ಥಿ ಗೋಡೆಯ ಮೇಲಿನ ಸುರಕ್ಷತಾ ನೀತಿಯ ಫಲಕ ಹಳೆಯದಾಗಿದೆ, ಹಳದಿ ಗೆರೆಗಳು ಮಾಸಿವೆ, ಇಬ್ಬರು ಕಿವಿಗೆ ಪ್ಲಗ್ ಹಾಕಿಲ್ಲ ಎಂದರು. ಎಲ್ಲವೂ ನಿಜವೇ. ಎರಡನೆಯವರು ಮೂರನೆಯ ಪ್ರೆಸ್ಸಿನ ಹತ್ತಿರ ಸುಮ್ಮನೆ ನಿಂತುಬಿಟ್ಟರು. ಆ ಯಂತ್ರಕ್ಕೆ ಎರಡೂ ಕೈಗಳಿಂದ ಒಟ್ಟಿಗೆ ಒತ್ತಬೇಕಾದ ಗುಂಡಿಗಳಿದ್ದವು. ಎಡಗಡೆಯ ಗುಂಡಿಯ ಸಂದಿಯಲ್ಲಿ ಬಟ್ಟೆಯ ಚೂರು ಸುತ್ತಿದ ಒಂದು ಮರದ ಬೆಣೆ ಕೂತಿತ್ತು, ಆಪರೇಟರ್ ಬಲಗೈಯಿಂದಷ್ಟೇ ಗುಂಡಿ ಒತ್ತುತ್ತ ಎಡಗೈಯಿಂದ ತಗಡು ತೂರಿಸುತ್ತಿದ್ದರು. ಅಭ್ಯರ್ಥಿ ಅವರನ್ನು ಬೈಯಲಿಲ್ಲ. "ಅಣ್ಣಾ, ದಿನಕ್ಕೆ ಎಷ್ಟು ಪೀಸು ಕೇಳ್ತಾರೆ?" ಎಂದು ವಿಚಾರಿಸಿದರು. ಕೇಳುವ ಸಂಖ್ಯೆಯನ್ನು ಎರಡೂ ಕೈ ಬಳಸಿ ಮುಟ್ಟಲು ಸಾಧ್ಯವೇ ಇರಲಿಲ್ಲ. ಬೆಣೆ ಇಟ್ಟದ್ದು ಯಾರು ಎಂಬುದಕ್ಕಿಂತ, ಬೆಣೆ ಇಡುವಂತೆ ಮಾಡಿದ್ದು ಉತ್ಪಾದನಾ ಗುರಿ ಎಂಬುದನ್ನು ಅವರು ಐದು ನಿಮಿಷದಲ್ಲಿ ನಮ್ಮ ಮುಂದಿಟ್ಟರು. ಉತ್ಪಾದನಾ ವ್ಯವಸ್ಥಾಪಕರ ಮುಖ ಬಿಗಿಯಿತು. ಹುದ್ದೆ ಆ ಎರಡನೆಯ ಅಭ್ಯರ್ಥಿಗೇ ಹೋಯಿತು.

ನಡೆದಾಟದ ನಂತರ ಎರಡು ಮೂರು ಸನ್ನಿವೇಶಗಳನ್ನು ಕೊಡಬಹುದು. ತ್ಯಾಜ್ಯನೀರು ಶುದ್ಧೀಕರಣ ಘಟಕದ ತೊಟ್ಟಿಗೆ ಇಳಿಯುವ ಕೆಲಸವಿದೆ ಎಂದು ಹೇಳಿ, ಏನೇನು ಮಾಡುತ್ತೀರಿ ಎಂದು ಕೇಳಿ. ಬಲ್ಲವರು ಮೊದಲು ಒಳಗಿಳಿಯದೆಯೇ ಆ ಕೆಲಸ ಮಾಡಲಾಗದೇ ಎಂದು ಮರುಪ್ರಶ್ನೆ ಹಾಕುತ್ತಾರೆ. ಆಮೇಲೆ ಪರ್ಮಿಟ್ ಎಂಬ ಲಿಖಿತ ಅನುಮತಿ, ತೊಟ್ಟಿಯ ಮೇಲೆ, ನಡುವೆ ಮತ್ತು ತಳದಲ್ಲಿ ಅನಿಲದ ಪರೀಕ್ಷೆ, ಅದರಲ್ಲೂ ಮೊದಲು ಆಮ್ಲಜನಕ, ಹೊರಗೆ ಕದಲದೆ ನಿಲ್ಲುವ ಕಾವಲುಗಾರ, ಒಳಗಿಳಿಯದೆ ಮೇಲೆತ್ತುವ ವ್ಯವಸ್ಥೆ ಎಂದು ಒಂದೊಂದಾಗಿ ಬರುತ್ತವೆ. "ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು, ಈಗ ನಿಂತಿದೆ, ಇಳಿಸಬಹುದೇ?" ಎಂದು ಕೇಳಿ ನೋಡಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಘ್ರಾಣಶಕ್ತಿಯೇ ಉಡುಗಿಹೋಗುತ್ತದೆ ಎಂಬುದು ತಿಳಿಯದವರು ಇಲ್ಲಿ ಸಿಕ್ಕಿಬೀಳುತ್ತಾರೆ. ತೊಟ್ಟಿಯೊಳಗೆ ಬೆಳಕಿಗೆ ಯಾವ ದೀಪ ಕೊಡುತ್ತೀರಿ ಎಂಬುದೂ ಒಳ್ಳೆಯ ಪ್ರಶ್ನೆ. ಕಾರ್ಖಾನೆಗಳ ಕಾಯ್ದೆಯ 36ಎ ಕಲಮು ಇಂಥ ಜಾಗಗಳಲ್ಲಿ ಕೈದೀಪಕ್ಕೆ 24 ವೋಲ್ಟಿನ ಮಿತಿಯಿಟ್ಟಿತ್ತು, ಕೆಲಸ ಮಾಡಿದವರಿಗೆ ಅದು ಬೆರಳ ತುದಿಯಲ್ಲಿರುತ್ತದೆ.

ಕೊನೆಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: "ನೀವು ಕೊನೆಯ ಬಾರಿ ಕೆಲಸವನ್ನು ನಿಲ್ಲಿಸಿದ್ದು ಯಾವಾಗ, ಆಮೇಲೆ ಏನಾಯಿತು?" ಉತ್ತರದಲ್ಲಿ ಯಂತ್ರದ ಹೆಸರು, ಪಾಳಿ, ಎದುರು ವಾದಿಸಿದವರ ಹುದ್ದೆ, ಮತ್ತೆ ಆರಂಭಿಸಲು ಹಿಡಿದ ಸಮಯ ಇವೆಲ್ಲ ಇದ್ದರೆ ನಂಬಬಹುದು.

ಪ್ರಶ್ನೆ: ಹಿಂದಿನ ಕಂಪನಿಯಲ್ಲಿ 'ಐದು ವರ್ಷ ಶೂನ್ಯ ಅಪಘಾತ' ಎಂದು ಅಭ್ಯರ್ಥಿ ಬರೆದುಕೊಂಡಿದ್ದಾರೆ. ಇದನ್ನು ಹೇಗೆ ತೂಗಬೇಕು?

ಅನುಮಾನದಿಂದ. ಗಾಯದಿಂದಾಗಿ ಕಾರ್ಮಿಕರು 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸಕ್ಕೆ ಬಾರದಿದ್ದರೆ ಇಲಾಖೆಗೆ ವರದಿ ಮಾಡಬೇಕೆಂಬ ನಿಯಮವನ್ನು ತಪ್ಪಿಸಲು, ಬೆರಳಿಗೆ ಕಟ್ಟು ಹಾಕಿಸಿಕೊಂಡವರನ್ನು ಮರುದಿನವೇ ಕರೆತಂದು ಟೈಮ್ ಆಫೀಸಿನಲ್ಲಿ ಕೂರಿಸಿ ಹಾಜರಾತಿ ಹಾಕುವ ಪರಿಪಾಠ ಈ ರಂಗದಲ್ಲಿರುವ ಎಲ್ಲರಿಗೂ ಗೊತ್ತು. ಗುತ್ತಿಗೆ ಕಾರ್ಮಿಕರ ಗಾಯಗಳನ್ನು ಲೆಕ್ಕಕ್ಕೇ ಹಿಡಿಯದವರೂ ಇದ್ದಾರೆ. ಅದಕ್ಕಿಂತ, ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನು ತಿಂಗಳಿಗೆ ಎಷ್ಟು ದಾಖಲಿಸುತ್ತಿದ್ದರು, ಅವುಗಳಲ್ಲಿ ಎಷ್ಟಕ್ಕೆ ಯಂತ್ರದಲ್ಲೇ ಬದಲಾವಣೆ ಮಾಡಿಸಿದರು ಎಂದು ಕೇಳಿ.

ಪ್ರಶ್ನೆ: ಪ್ರಮಾಣಪತ್ರ ಮತ್ತು ಅನುಭವದ ಪರಿಶೀಲನೆ ಯಾರ ಕೆಲಸ?

ಮೊದಲ ಸುತ್ತು ನೇಮಕಾತಿ ಸಂಸ್ಥೆಯದು, ಕೊನೆಯ ಸುತ್ತು ನಿಮ್ಮದು. ಡಿಪ್ಲೊಮಾವನ್ನು ಅದನ್ನು ಕೊಟ್ಟ ಸಂಸ್ಥೆ ಅಥವಾ ಮಂಡಳಿಗೇ ಬರೆದು ಖಚಿತಪಡಿಸಿಕೊಳ್ಳಿ. ಅನುಭವದ ಪತ್ರದಲ್ಲಿ 'ಮೇಲ್ವಿಚಾರಣೆ' ಎಂಬ ಅಂಶ ಸ್ಪಷ್ಟವಾಗಿರಬೇಕು, ಏಕೆಂದರೆ ನಿಯಮ ಕೇಳುವುದು ಅದನ್ನೇ. ಭವಿಷ್ಯ ನಿಧಿ ಖಾತೆಯ ವಿವರದಲ್ಲಿ ಯಾವ ಉದ್ಯೋಗದಾತರ ಬಳಿ ಎಷ್ಟು ಕಾಲ ಇದ್ದರೆಂಬುದು ಕಾಣುತ್ತದೆ, ಅಭ್ಯರ್ಥಿಯ ಒಪ್ಪಿಗೆ ಪಡೆದು ಅದನ್ನು ತಾಳೆ ನೋಡಿ. ಹಿಂದಿನ ಕಂಪನಿಯಲ್ಲಿ ವಿಚಾರಿಸುವಾಗ ಮಾನವ ಸಂಪನ್ಮೂಲದವರಿಗಿಂತ ಉತ್ಪಾದನೆ ಅಥವಾ ನಿರ್ವಹಣಾ ವಿಭಾಗದವರೊಬ್ಬರನ್ನು ಮಾತನಾಡಿಸುವುದು ಉಪಯುಕ್ತ. "ಅವರಾ? ತುಂಬಾ ಕಿರಿಕಿರಿ ಮಾಡೋರು ಸಾರ್" ಎಂಬ ಉತ್ತರ ಬಂದರೆ ಅದನ್ನು ದೂರೆಂದು ಎಣಿಸಬೇಕಾಗಿಲ್ಲ.

ಪ್ರಶ್ನೆ: ಸುರಕ್ಷತಾ ಅಧಿಕಾರಿ ಯಾರ ಕೈಕೆಳಗೆ ಇರಬೇಕು? ಆಡಳಿತದ ಬೇರೆ ಕೆಲಸಗಳನ್ನೂ ಕೊಡಬಹುದೇ?

ಕಾರ್ಖಾನೆಯ ಮುಖ್ಯಾಧಿಕಾರಿಯ ನೇರ ಅಧೀನದಲ್ಲಿ, ಹಿರಿಯ ಕಾರ್ಯನಿರ್ವಾಹಕರ ಸ್ಥಾನಮಾನದೊಂದಿಗೆ ಇರಬೇಕೆಂದು ಮಾದರಿ ನಿಯಮಗಳು ಹೇಳುತ್ತವೆ. ಅವರ ಕರ್ತವ್ಯಕ್ಕೆ ಸಂಬಂಧಿಸದ, ಹೊಂದದ ಅಥವಾ ಅದಕ್ಕೆ ಧಕ್ಕೆ ತರುವ ಯಾವ ಕೆಲಸವನ್ನೂ ಅವರಿಗೆ ವಹಿಸಬಾರದು ಎಂದೂ ಹೇಳುತ್ತವೆ. ಹಾಗಿದ್ದೂ ಕ್ಯಾಂಟೀನಿನ ಸಾಂಬಾರು, ಬಸ್ಸಿನ ಮಾರ್ಗ, ಕಾವಲುಗಾರರ ರಜೆ, ಆಯುಧಪೂಜೆಯ ಕುಂಬಳಕಾಯಿ ಎಲ್ಲವೂ ಅವರ ತಲೆಗೇ ಬರುವುದನ್ನು ಎಷ್ಟೋ ಕಡೆ ಕಾಣಬಹುದು. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಬ್ಯಾನರ್ ಕಟ್ಟಿಸಿ, ಪ್ರತಿಜ್ಞೆ ಓದಿಸಿ, ಘೋಷವಾಕ್ಯ ಸ್ಪರ್ಧೆಗೆ ಟಿಫಿನ್ ಬಾಕ್ಸ್ ಬಹುಮಾನ ಹಂಚಿಸುವುದಷ್ಟೇ ನಿಮಗೆ ಬೇಕಾದರೆ ವಿಶೇಷ ಸಂಸ್ಥೆಗೆ ಶುಲ್ಕ ತೆರುವ ಅಗತ್ಯವಿಲ್ಲ. ಕೆಲಸ ನಿಲ್ಲಿಸುವ ಅಧಿಕಾರವನ್ನು ನೇಮಕಾತಿ ಪತ್ರದಲ್ಲೇ ಬರೆದುಕೊಡಿ. ಉತ್ಪಾದನಾ ಮುಖ್ಯಸ್ಥರ ಕೈಕೆಳಗೆ ಅವರನ್ನು ಇಡಬೇಡಿ. ಒಳ್ಳೆಯ ಅಭ್ಯರ್ಥಿಗಳು ಸಂದರ್ಶನದಲ್ಲಿ ತಾವೇ ಇದನ್ನು ವಿಚಾರಿಸುತ್ತಾರೆ.

ಪ್ರಶ್ನೆ: ಹೊರಗುತ್ತಿಗೆಯ ಮೂಲಕ ಸುರಕ್ಷತಾ ಅಧಿಕಾರಿಯನ್ನು ಪಡೆಯಬಹುದೇ?

ದುರಸ್ತಿಗಾಗಿ ಘಟಕವನ್ನು ನಿಲ್ಲಿಸುವ ಶಟ್‌ಡೌನ್ ಅಥವಾ ಹೊಸ ಕಟ್ಟಡದಂಥ ಸೀಮಿತ ಅವಧಿಯ ಕೆಲಸಗಳಿಗೆ ಹೆಚ್ಚುವರಿಯಾಗಿ ಪಡೆಯುವುದು ಸರಿ. ಕಾನೂನು ಕೇಳುವ ಹುದ್ದೆಯನ್ನು ಮಾತ್ರ ನಿಮ್ಮ ಸ್ವಂತ ನೌಕರರಿಂದಲೇ ತುಂಬಿ. ಬೇರೆಯವರ ಸಂಬಳದ ಪಟ್ಟಿಯಲ್ಲಿರುವವರು ನಿಮ್ಮ ವ್ಯವಸ್ಥಾಪಕರ ಮುಂದೆ ಗಟ್ಟಿಯಾಗಿ 'ಬೇಡ' ಎನ್ನುವುದು ಕಷ್ಟ.

ಪ್ರಶ್ನೆ: ನಾನು ಸುರಕ್ಷತಾ ಡಿಪ್ಲೊಮಾ ಮುಗಿಸಿದ ಅಭ್ಯರ್ಥಿ. ಕೆಲಸ ಕೊಡಿಸಲು ಏಜೆನ್ಸಿಯವರು ಹಣ ಕೇಳುತ್ತಿದ್ದಾರೆ. ಕೊಡಬೇಕೇ?

ದೇಶದೊಳಗಿನ ಹುದ್ದೆಗೆ ಕೊಡಬೇಡಿ. ಶುಲ್ಕವನ್ನು ಭರಿಸುವುದು ನೇಮಿಸಿಕೊಳ್ಳುವ ಕಂಪನಿ. 'ನೋಂದಣಿ', 'ತರಬೇತಿ ಕಿಟ್', 'ಕಾಯ್ದಿರಿಸುವ ಠೇವಣಿ' ಎಂದು ಯಾವ ಹೆಸರಿನಲ್ಲಿ ಕೇಳಿದರೂ ಅದು ಅನುಮಾನಾಸ್ಪದವೇ.

ವಿದೇಶದ ಹುದ್ದೆಗಳ ಲೆಕ್ಕ ಬೇರೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ಸೇಫ್ಟಿ ಆಫೀಸರ್ ಕೆಲಸಕ್ಕೆ ಹೋಗುವವರು ತಿಳಿದಿರಬೇಕಾದದ್ದೇನೆಂದರೆ, 1983ರ ವಲಸೆ ಕಾಯ್ದೆಯಡಿ ವಿದೇಶಕ್ಕೆ ಜನರನ್ನು ಕಳಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಏಜೆಂಟರ ನೋಂದಣಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿ, ಅದು ಚಾಲ್ತಿಯಲ್ಲಿದೆಯೇ ಎಂದು ನೋಡಿ. ಭೇಟಿಯ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಬಹುದು ಎಂದವರ ಮಾತಿಗೆ ಮರುಳಾಗಬೇಡಿ.

ಪ್ರಶ್ನೆ: ನಮ್ಮದು ಅರವತ್ತು ಜನರ ಘಟಕ. ಪೂರ್ಣಾವಧಿ ಅಧಿಕಾರಿಯ ಸಂಬಳ ಕೊಡಲಾರೆವು. ಏನು ಮಾಡಬೇಕು?

ನಿರ್ವಹಣಾ ವಿಭಾಗದಲ್ಲಿರುವ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದ ಚುರುಕಾದವರೊಬ್ಬರನ್ನು ಆರಿಸಿ ಕೈಗಾರಿಕಾ ಸುರಕ್ಷತೆಯ ಕೋರ್ಸಿಗೆ ಕಳಿಸಿ. ಯಂತ್ರಗಳ ಸ್ವಭಾವ ಅವರಿಗೆ ಆಗಲೇ ತಿಳಿದಿರುತ್ತದೆ, ಕಾರ್ಮಿಕರೂ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. ಅದೇ ಕೈಗಾರಿಕಾ ಪ್ರದೇಶದ ನಾಲ್ಕೈದು ಘಟಕಗಳು ಸೇರಿ ಅನುಭವಿ ಸಲಹೆಗಾರರೊಬ್ಬರನ್ನು ವಾರಕ್ಕೊಂದು ದಿನದಂತೆ ಹಂಚಿಕೊಳ್ಳುವುದೂ ಸಾಧ್ಯ. ಇಂಥ ಅರೆಕಾಲಿಕ ಏರ್ಪಾಡುಗಳಿಗೆ ನಿವೃತ್ತರನ್ನು ಗೊತ್ತುಮಾಡಿಕೊಡುವ ಕೆಲಸವನ್ನು ಕೆಲವು ವಿಶೇಷ ಸಂಸ್ಥೆಗಳೂ ಮಾಡುತ್ತವೆ.

ಪ್ರಶ್ನೆ: ಎರಡು ವರ್ಷಗಳಲ್ಲಿ ಮೂವರು ಅಧಿಕಾರಿಗಳು ರಾಜೀನಾಮೆ ಕೊಟ್ಟು ಹೋದರು. ಏಜೆನ್ಸಿಯನ್ನು ಬದಲಿಸಬೇಕೇ?

ಅದಕ್ಕೆ ಮೊದಲು ಮೂವರಿಗೂ ಫೋನ್ ಮಾಡಿ. ಬಿಟ್ಟು ಹೋಗಿ ಆರು ತಿಂಗಳಾದವರು ಮನಸ್ಸು ಬಿಚ್ಚಿ ಮಾತನಾಡುತ್ತಾರೆ. ಮೂವರೂ ಸಂಬಳದ ಕಾರಣ ಕೊಟ್ಟರೆ ನಿಮ್ಮ ಸಂಬಳದ ಶ್ರೇಣಿಯನ್ನು ಮಾರುಕಟ್ಟೆಯೊಂದಿಗೆ ಹೋಲಿಸಿ ಕೊಡುವಂತೆ ಏಜೆನ್ಸಿಯನ್ನು ಕೇಳಿ, ಆ ಮಾಹಿತಿ ಅವರ ಬಳಿ ಇರುತ್ತದೆ. ಮೂವರೂ ಒಬ್ಬನೇ ವ್ಯವಸ್ಥಾಪಕನ ಹೆಸರು ಹೇಳಿದರೆ ಏಜೆನ್ಸಿ ಬದಲಿಸಿ ಪ್ರಯೋಜನವಿಲ್ಲ. ಬಿಟ್ಟುಹೋದ ಆ ಮೂವರು ಆಡಳಿತಕ್ಕೆ ಬರೆದು, ಯಾರೂ ಉತ್ತರಿಸದೆ ಉಳಿದ ಮಿಂಚಂಚೆಗಳನ್ನು ಹುಡುಕಿ ತೆಗೆದು, ದಿನಾಂಕದ ಪ್ರಕಾರ ಜೋಡಿಸಿಕೊಂಡು ಒಮ್ಮೆ ಓದಿ. ಮುಂದಿನ ಅಭ್ಯರ್ಥಿಗೆ ಮೊದಲ ದಿನ ಕೊಡಬೇಕಾದ ಕಡತವೂ ಅದೇ.